ಹೆಗಲು ಕೊಟ್ಟವರು

2021ರ ಯುಗಾದಿ ಏಪ್ರಿಲ್ 13ರಂದು ಬಂತು. ಮರುದಿನವೇ ರಂಜಾನ್ ತಿಂಗಳ ಮೊದಲ ಉಪವಾಸ. ಒಂಬತ್ತು ದಿನಗಳ ಹಿಂದಷ್ಟೇ ಈಸ್ಟರ್ ಮುಗಿದಿತ್ತು. ಕನಕಪುರ ರಸ್ತೆಯವರಿಗೆ ಆ ವರ್ಷ ಬೇರೊಂದು ಸಂಭ್ರಮವೂ ಇತ್ತು. ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆವರೆಗೆ ಮೆಟ್ರೊ ಜನವರಿ ನಡುವಿನಲ್ಲಿ ಓಡತೊಡಗಿತ್ತು, ತಲಘಟ್ಟಪುರದವರು ಸಿಗ್ನಲ್‌ಗಳಲ್ಲಿ ಬೇಯದೆ ಮೆಜೆಸ್ಟಿಕ್ ಸೇರಬಹುದಾಗಿತ್ತು. ಕೊರೊನಾ ಹಿಂದಿನ ವರ್ಷದ ಮಾತಾಯಿತು ಎಂದು ಬಹಳ ಜನ ಮಾಸ್ಕನ್ನು ಗದ್ದಕ್ಕೆ ಇಳಿಸಿದ್ದರು.

ಎರಡೇ ವಾರದಲ್ಲಿ ಎಲ್ಲವೂ ತಲೆಕೆಳಗಾಯಿತು. ಏಪ್ರಿಲ್ 27ರ ರಾತ್ರಿ 9 ಗಂಟೆಗೆ ಸರ್ಕಾರ ಕೋವಿಡ್ ಕರ್ಫ್ಯೂ ಹೇರಿತು. ಮೆಟ್ರೊ ಮತ್ತೆ ನಿಂತಿತು. ಅಂದು ಚೈತ್ರ ಹುಣ್ಣಿಮೆ, ತಿಗಳರಪೇಟೆಯ ಧರ್ಮರಾಯಸ್ವಾಮಿ ಕರಗದ ರಾತ್ರಿ. ಆ ವರ್ಷ ಕರಗ ಊರು ಸುತ್ತಲಿಲ್ಲ. ಏಪ್ರಿಲ್ 30ರಂದು ರಾಜ್ಯದಲ್ಲಿ ಒಂದೇ ದಿನ ದಾಖಲಾದ ಹೊಸ ಪ್ರಕರಣಗಳು 48,296. ಅದರಲ್ಲಿ ಬೆಂಗಳೂರಿನವೇ 26,756. ಮೇ 5ರಂದು ರಾಜ್ಯದ ಲೆಕ್ಕ ಐವತ್ತು ಸಾವಿರ ದಾಟಿತು.

ಆ ದಿನಗಳ ಬಗ್ಗೆ ಬರೆದವರೆಲ್ಲ ಆಸ್ಪತ್ರೆ, ಹಾಸಿಗೆ, ಆಮ್ಲಜನಕದ ಬಗ್ಗೆ ಬರೆದಿದ್ದಾರೆ. ಹಾಸಿಗೆ ಸಿಗದವರ, ಸಿಕ್ಕೂ ಉಳಿಯದವರ ದೇಹ ಆಮೇಲೆ ಎಲ್ಲಿಗೆ ಹೋಯಿತು, ಯಾರು ಹೊತ್ತರು ಎನ್ನುವ ಭಾಗ ಪತ್ರಿಕೆಗಳ ಒಳಪುಟದಲ್ಲೇ ಉಳಿದುಹೋಯಿತು. ಊರಿನ ಇತಿಹಾಸ ಬರೆಯುವವರು ಅದನ್ನು ಬಿಡುವಂತಿಲ್ಲ. ಮಸೀದಿ, ಚರ್ಚು, ದೇವಸ್ಥಾನ ಎಂದು ಬೇರೆಬೇರೆ ಕಡೆ ಕೈಮುಗಿಯುವ ಜನ ಒಂದೇ ಕೆಲಸವನ್ನು, ಅದೂ ಎಲ್ಲರೂ ಹಿಂಜರಿದ ಕೆಲಸವನ್ನು, ತಿಂಗಳುಗಟ್ಟಲೆ ಒಟ್ಟಾಗಿ ಮಾಡಿದ ಪ್ರಸಂಗ ಈ ಶತಮಾನದ ಬೆಂಗಳೂರಿನಲ್ಲಿ ಇಷ್ಟು ದೊಡ್ಡದಾಗಿ ಇನ್ನೊಂದು ನಡೆದಿಲ್ಲ.

ಸಂಕಟ ಬಂದಾಗ ಜನ ತಾವಾಗಿಯೇ ಒಂದಾಗುತ್ತಾರೆ ಎಂಬ ಮಾತು ಸಮಾರಂಭದ ಭಾಷಣಗಳಲ್ಲಿ ಚೆನ್ನಾಗಿ ಕೇಳಿಸುತ್ತದೆ. ನಡೆದದ್ದು ಹಾಗಲ್ಲ. ಸಂಕಟ ಬಂದಾಗ ಜನ ಮೊದಲು ಹೆದರಿದರು, ಆಮೇಲೆ ಬೆರಳು ತೋರಿಸಿದರು.

ಕರ್ನಾಟಕದ ಮೊದಲ ಪ್ರಕರಣ 2020ರ ಮಾರ್ಚ್ ಎರಡನೇ ವಾರದಲ್ಲಿ ಬೆಂಗಳೂರಿನಲ್ಲಿ ಪತ್ತೆಯಾಯಿತು. ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯದು. ಸೌದಿಯಿಂದ ಮರಳಿದ್ದ 76ರ ವೃದ್ಧರೊಬ್ಬರು ಮಾರ್ಚ್ 10ರಂದು ತೀರಿಕೊಂಡರು. ಮಾರ್ಚ್ 25ರಿಂದ ದೇಶಕ್ಕೇ ಬೀಗ. ತಿಂಗಳ ಕೊನೆಗೆ ದೆಹಲಿಯ ನಿಜಾಮುದ್ದೀನ್ ತಬ್ಲಿಗಿ ಸಭೆಯ ಸುದ್ದಿ ಹೊರಬಿದ್ದದ್ದೇ ತಡ, ಸೋಂಕಿಗೆ ಧರ್ಮದ ಹೆಸರು ಅಂಟಿತು. ತರಕಾರಿ ಗಾಡಿಯವನ ಹೆಸರು ಕೇಳಿ ಸೊಪ್ಪು ಕೊಳ್ಳುವ ಮಟ್ಟಕ್ಕೆ ಕೆಲವು ಬಡಾವಣೆಗಳು ಇಳಿದವು. ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪ ಏಪ್ರಿಲ್ ಮೊದಲ ವಾರದಲ್ಲಿ ಟಿ.ವಿ.ಯಲ್ಲೇ ಎಚ್ಚರಿಕೆ ಕೊಟ್ಟರು, ಮುಸ್ಲಿಮರ ವಿರುದ್ಧ ಯಾರೂ ಒಂದು ಮಾತೂ ಆಡಕೂಡದು, ಆಡಿದರೆ ಕ್ರಮ ಎಂದು. ಅವರದೇ ಪಕ್ಷದ ಕೆಲವರಿಗೆ ಅದು ರುಚಿಸಲಿಲ್ಲ. ಆ ಒಂದು ಮಾತಿಗಾಗಿ ಯಡಿಯೂರಪ್ಪನವರನ್ನು ನೆನೆಯಬೇಕು.

ಎರಡನೆಯ ಹೆದರಿಕೆ ಶವದ್ದು. ಏಪ್ರಿಲ್ 19ರ ರಾತ್ರಿ ಚೆನ್ನೈನಲ್ಲಿ ನರರೋಗ ಶಸ್ತ್ರಚಿಕಿತ್ಸಕ ಸೈಮನ್ ಹರ್ಕ್ಯುಲಸ್ ಅವರ ದೇಹವನ್ನು ಹೂಳಲು ಬಿಡದೆ ಜನ ಕಲ್ಲು, ದೊಣ್ಣೆ ಹಿಡಿದು ನಿಂತರು. ರೋಗಿಗಳಿಗೆ ಚಿಕಿತ್ಸೆ ಕೊಡುತ್ತ ಸೋಂಕು ತಗುಲಿಸಿಕೊಂಡಿದ್ದ ವೈದ್ಯರು ಅವರು. ಜೂನ್ ಕೊನೆಗೆ ನಮ್ಮಲ್ಲೇ ಬಳ್ಳಾರಿಯಿಂದ ಒಂದು ವಿಡಿಯೊ ಬಂತು. ಪಿಪಿಇ ತೊಟ್ಟ ಸಿಬ್ಬಂದಿ ಒಂದರ ಮೇಲೊಂದು ದೇಹಗಳನ್ನು ಗುಂಡಿಗೆ ಎಸೆಯುತ್ತಿದ್ದ ದೃಶ್ಯ. ಜಿಲ್ಲಾಡಳಿತ ಕ್ಷಮೆ ಕೇಳಿತು, ಸಿಬ್ಬಂದಿಯ ಮೇಲೆ ಕ್ರಮ ಆಯಿತು. ಆದರೆ ಆ ದೃಶ್ಯ ನೋಡಿದ ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ ಎದ್ದಿತ್ತು, ನಾಳೆ ನಮ್ಮವರಿಗೂ ಇದೇ ಗತಿಯೇ ಎಂದು.

ಬೆಂಗಳೂರಿಗೆ ಇಂಥ ಹೆದರಿಕೆ ಹೊಸದೂ ಅಲ್ಲ. 1898ರ ಆಗಸ್ಟ್‌ನಲ್ಲಿ ಪ್ಲೇಗು ಕಾಲಿಟ್ಟಾಗ ಪೇಟೆಯ ಜನ ಮನೆ ಬಿಟ್ಟು ಓಡಿದ್ದರು. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು ಆ ಓಟದಿಂದಲೇ. ಪ್ಲೇಗಮ್ಮನ ಗುಡಿಗಳು ಎದ್ದವು. ಅದರ ಹಿಂದಿನ ವರ್ಷ ಪುಣೆಯಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಯೇ ಆಗಿತ್ತು. ಮನೆಯೊಳಗೆ ನುಗ್ಗಿ ಹೆಂಗಸರು ಮಕ್ಕಳೆನ್ನದೆ ತಪಾಸಣೆ ಮಾಡುವ ಸರ್ಕಾರವನ್ನು ಜನ ರೋಗಕ್ಕಿಂತ ಹೆಚ್ಚು ದ್ವೇಷಿಸಿದ್ದರು. ಕೋವಿಡ್ ಕಾಲದಲ್ಲಿ ಸರ್ಕಾರದ ಮೇಲೆ ಆ ಮಟ್ಟದ ಸಿಟ್ಟು ಬರಲಿಲ್ಲ. ಆದರೆ ಸರ್ಕಾರಕ್ಕೂ ಸತ್ತವರ ಮನೆಗೂ ನಡುವೆ ನಿಲ್ಲುವವರು ಯಾರಾದರೂ ಬೇಕಿತ್ತು.

2020ರ ಮಾರ್ಚ್ ಕೊನೆಯ ಹೊತ್ತಿಗೆ ಬೆಂಗಳೂರಿನ ಇಪ್ಪತ್ತರಷ್ಟು ಸ್ವಯಂಸೇವಾ ಸಂಸ್ಥೆಗಳು ಸೇರಿ ಮರ್ಸಿ ಮಿಷನ್ ಎಂಬ ಒಕ್ಕೂಟ ಮಾಡಿಕೊಂಡವು. ಮುಂದಾಳುಗಳಲ್ಲಿ ಹೆಚ್ಚಿನವರು ಮುಸ್ಲಿಮರು. ಬೆರಳು ತೋರಿಸಿಕೊಳ್ಳುತ್ತಿದ್ದ ಸಮುದಾಯದವರೇ ಮೊದಲು ಬೀದಿಗಿಳಿದರು ಎನ್ನುವುದನ್ನು ಗಮನಿಸಬೇಕು. ಮೊದಲಿಗೆ ಅವರು ಮಾಡಿದ್ದು ಶವದ ಕೆಲಸವಲ್ಲ, ಅಕ್ಕಿ ಬೇಳೆಯದು. ದಿನಗೂಲಿಯವರಿಗೆ ದಿನಸಿ ಕಿಟ್, ಊರಿಗೆ ಹೊರಟ ವಲಸೆ ಕಾರ್ಮಿಕರಿಗೆ ಊಟದ ಪೊಟ್ಟಣ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರಲ್ಲಿ ಉತ್ತರ ಕರ್ನಾಟಕದಲ್ಲಿ ನೆರೆ ಬಂದಾಗ ಲಾರಿ ತುಂಬಿಸಿ ಕಳಿಸಿದ ಅನುಭವ ಬೆಂಗಳೂರಿನ ಇಂಥ ಸಂಘಗಳಿಗೆ ಇತ್ತು. ಯಾರ ಬಳಿ ಗೋದಾಮು ಇದೆ, ಯಾರ ಬಳಿ ಟೆಂಪೊ ಇದೆ, ಯಾವ ವಾರ್ಡಿನಲ್ಲಿ ಯಾರನ್ನು ಕೇಳಬೇಕು ಎಂಬ ಪಟ್ಟಿ ತಯಾರಿದ್ದವರಿಗೇ ಅಂಥ ಹೊತ್ತಿನಲ್ಲಿ ಏನಾದರೂ ಮಾಡಲು ಸಾಧ್ಯ.

ನಗರದಲ್ಲಿ ಸಾವು ಹೆಚ್ಚಿದಂತೆ ಇದೇ ಒಕ್ಕೂಟದಿಂದ ಮರ್ಸಿ ಏಂಜಲ್ಸ್ ಎಂಬ ತಂಡ ಹುಟ್ಟಿತು. ಕೆಲಸ ಒಂದೇ, ಅಂತ್ಯಸಂಸ್ಕಾರ. ಬೆಂಗಳೂರು ಕೆಥೋಲಿಕ್ ಮಹಾಧರ್ಮಪ್ರಾಂತ್ಯದ ಆಶ್ರಯದಲ್ಲಿ ‘ಹಿಯರ್ ಐ ಆ್ಯಮ್’ ಎಂಬ ಇನ್ನೊಂದು ಸ್ವಯಂಸೇವಕರ ತಂಡ ಹೊರಟಿತು. ಎರಡೂ ತಂಡಗಳು ಸತ್ತವರ ಧರ್ಮ ಕೇಳಿದ್ದು ಒಂದೇ ಕಾರಣಕ್ಕೆ: ಸುಡಬೇಕೋ ಹೂಳಬೇಕೋ, ಯಾರನ್ನು ಕರೆಸಬೇಕು ಎಂದು ತಿಳಿಯಲು. ಈ ತಂಡಗಳಲ್ಲಿ ಕಾಲೇಜು ಓದುವ ಹುಡುಗರಿದ್ದರು, ಆಫೀಸಿಗೆ ಹೋಗುವವರಿದ್ದರು, ಯುವತಿಯರಿದ್ದರು. ನಮ್ಮಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ ಎನ್ನುವ ಮನೆಗಳ ಹಿರಿಯರನ್ನು ಚಿತಾಗಾರಕ್ಕೆ ಒಯ್ದವರಲ್ಲಿ ಇಪ್ಪತ್ತರ ಹರೆಯದ ಹೆಣ್ಣುಮಕ್ಕಳೂ ಇದ್ದರು. ಇದರ ಬಗ್ಗೆ ಆಗ ಯಾರೂ ತಕರಾರು ತೆಗೆಯಲಿಲ್ಲ, ತೆಗೆಯುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್ 15ರಂದು ಕೋವಿಡ್ ಮೃತದೇಹಗಳ ನಿರ್ವಹಣೆಗೆ ನಿಯಮ ಹೊರಡಿಸಿತ್ತು. ದೇಹವನ್ನು ಸೋರದ ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಕು, ಚೀಲದ ಹೊರಮೈಗೆ ಶೇ 1ರ ಹೈಪೋಕ್ಲೋರೈಟ್ ದ್ರಾವಣ ಸಿಂಪಡಿಸಬೇಕು, ಸ್ನಾನ ಮಾಡಿಸುವುದು, ಮುತ್ತಿಡುವುದು, ಅಪ್ಪಿಕೊಳ್ಳುವುದು ಬೇಡ. ಮುಖದ ಭಾಗದ ಜಿಪ್ ತೆರೆದು ಕೊನೆಯ ಸಲ ತೋರಿಸಬಹುದು. ದೇಹ ಮುಟ್ಟದೆ ಮಾಡುವ ಮಂತ್ರ, ಪ್ರಾರ್ಥನೆಗೆ ಅಡ್ಡಿಯಿಲ್ಲ. ಚಿತಾಭಸ್ಮದಿಂದ ಅಪಾಯವಿಲ್ಲ. ಓದಿದರೆ ಇದು ಮನುಷ್ಯರು ಬರೆದ ನಿಯಮವೇ. ಆದರೆ ಶವಾಗಾರದಲ್ಲಿ ಅದನ್ನು ತಾಳ್ಮೆಯಿಂದ ಪಾಲಿಸಲು ಸಿಬ್ಬಂದಿಗೆ ಪುರುಸೊತ್ತಿರಲಿಲ್ಲ, ಧೈರ್ಯವೂ ಇರಲಿಲ್ಲ. ಮುಖ ತೋರಿಸುವ ಆ ಒಂದು ನಿಮಿಷ ಬಹಳ ಕಡೆ ತಪ್ಪಿಹೋಯಿತು. ಸ್ವಯಂಸೇವಕರು ವಾಪಸ್ ತಂದುಕೊಟ್ಟದ್ದು ಮುಖ್ಯವಾಗಿ ಆ ನಿಮಿಷವನ್ನು.

ಒಂದು ದೇಹಕ್ಕೆ ನಾಲ್ಕು ಜನ ಬೇಕು. ಎರಡು ಜೊತೆ ಕೈಗವಸು, ಒಳಗಿನದು ತೋಳಿನ ಕೆಳಗೆ, ಹೊರಗಿನದು ಮೇಲೆ, ನಡುವೆ ಟೇಪು. ಕನ್ನಡಕ ಹತ್ತು ನಿಮಿಷದಲ್ಲಿ ಮಂಜಾಗುತ್ತದೆ, ಒರೆಸುವಂತಿಲ್ಲ. ಏಪ್ರಿಲ್-ಮೇ ಬಿಸಿಲಿನಲ್ಲಿ ಆ ಬಿಳಿ ನಿಲುವಂಗಿಯೊಳಗೆ ಮೈಯೆಲ್ಲ ಬೆವರಿನ ಸ್ನಾನ. ತೊಟ್ಟಮೇಲೆ ಬಿಚ್ಚುವವರೆಗೆ ನೀರು ಕುಡಿಯುವ ಮಾತಿಲ್ಲ. 2020ರಲ್ಲೂ 2021ರಲ್ಲೂ ರಂಜಾನ್ ಬಿದ್ದದ್ದು ಇದೇ ಬೇಸಿಗೆಯಲ್ಲಿ. ಎರಡನೇ ಅಲೆ ಏರಿ ಶಿಖರ ಮುಟ್ಟಿದ್ದು ಪೂರ್ತಿ ಉಪವಾಸದ ತಿಂಗಳಲ್ಲೇ. ಬೆಳಗಿನ ಜಾವ ಸೆಹ್ರಿ ಮುಗಿಸಿ ಹೊರಟವರು ಇಫ್ತಾರ್ ಹೊತ್ತಿಗೆ ಯಾವುದಾದರೂ ಚಿತಾಗಾರದ ಗೇಟಿನ ಮುಂದೆ ಸಾಲಿನಲ್ಲಿ ಇರುತ್ತಿದ್ದರು.

ಇನ್ನು ವಿಧಿಗಳು. ನಿಯಮದ ಮುಂದೆ ಎಲ್ಲ ಧರ್ಮಗಳೂ ಒಂದಿಷ್ಟು ಬಾಗಬೇಕಾಯಿತು. ಮುಸ್ಲಿಮರಲ್ಲಿ ಮಯ್ಯತ್‌ಗೆ ಸ್ನಾನ ಮಾಡಿಸಿ, ಕಫನ್ ಸುತ್ತಿ, ಜನಾಜಾ ನಮಾಜ್ ಮುಗಿಸಿ ದಫನ್ ಮಾಡುವುದು ಕ್ರಮ. ಸ್ನಾನ ಅಪಾಯ ಎಂದಾದಾಗ ಚೀಲದ ಮೇಲೆಯೇ ತಯಮ್ಮುಮ್ (ನೀರಿಲ್ಲದ ಶುದ್ಧಿ) ಮಾಡಿದರೆ ಸಾಕು ಎಂಬ ನಿಲುವಿಗೆ ಉಲೆಮಾಗಳು ಬಂದರು. ಸಾಂಕ್ರಾಮಿಕದಲ್ಲಿ ತೀರಿಕೊಂಡವರಿಗೆ ಹುತಾತ್ಮರ ಸ್ಥಾನ ಎಂಬ ಹಳೆಯ ನಂಬಿಕೆ ಮನೆಯವರಿಗೆ ಸಮಾಧಾನ ಕೊಟ್ಟಿತು. ಕೆಥೋಲಿಕರಿಗೆ ದಹನವನ್ನು ವ್ಯಾಟಿಕನ್ 1963ರಲ್ಲೇ ಒಪ್ಪಿತ್ತಾದರೂ ನಮ್ಮ ಕಡೆ ಅದು ರೂಢಿಗೆ ಬಂದಿರಲಿಲ್ಲ. ಕೋವಿಡ್ ಕಾಲದಲ್ಲಿ ಕೆಲವು ಕುಟುಂಬಗಳು ದಹನಕ್ಕೂ ಒಪ್ಪಿ, ಬೂದಿಯನ್ನು ಗೋರಿಯಲ್ಲಿ ಇಟ್ಟವು.

ಲಿಂಗಾಯತರದು ಬೇರೆಯೇ ಕಷ್ಟ. ಅವರಲ್ಲಿ ಕ್ರಿಯಾ ಸಮಾಧಿ: ದೇಹವನ್ನು ಕೂರಿಸಿ, ವಿಭೂತಿ ಬಿಲ್ವಪತ್ರೆಗಳೊಂದಿಗೆ, ಜಂಗಮರ ಸಮ್ಮುಖದಲ್ಲಿ ಮಣ್ಣಿಗೆ ಒಪ್ಪಿಸುವುದು. ಜಿಪ್ ಹಾಕಿದ ಚೀಲವನ್ನು ಕೂರಿಸುವುದು ಹೇಗೆ? ಊರಲ್ಲಿ ಹೊಲ ಇದ್ದವರು ಅಲ್ಲಿಗೆ ಒಯ್ದರು. 2021ರ ಏಪ್ರಿಲ್‌ನಲ್ಲಿ ಸ್ವಂತ ಜಮೀನಿನಲ್ಲಿ ಅಂತ್ಯಸಂಸ್ಕಾರಕ್ಕೆ ಸರ್ಕಾರ ಅನುಮತಿ ಕೊಟ್ಟದ್ದು ಇಂಥವರಿಗೆ ಅನುಕೂಲವಾಯಿತು. ಬ್ರಾಹ್ಮಣರ ಮನೆಗಳಲ್ಲಿ ಅಗ್ನಿಸ್ಪರ್ಶ ಮಾಡಬೇಕಾದ ಹಿರಿಯ ಮಗ ಸ್ವತಃ ಪಾಸಿಟಿವ್ ಆಗಿ ಕೋಣೆಯಲ್ಲಿ ಬಂದಿ, ಇಲ್ಲವೇ ಅಮೆರಿಕದಲ್ಲಿ ವಿಮಾನವಿಲ್ಲದೆ ಸಿಕ್ಕಿಬಿದ್ದವನು. ಅವನು ಮೊಬೈಲ್ ಪರದೆಯಲ್ಲಿ ನೋಡುತ್ತಿರಲು, ಇನ್ನಾರೋ ಹೆಗಲು ಕೊಟ್ಟರು. ಆ ಇನ್ನಾರೋ ಮುಸ್ಲಿಂ ಹುಡುಗನಾಗಿದ್ದ ಸಂದರ್ಭಗಳು ನೂರಾರು. ಪುರೋಹಿತರು ಫೋನಿನಲ್ಲಿ ಮಂತ್ರ ಹೇಳಿದರೆ ಸ್ಪೀಕರ್ ಹಾಕಿ ಚೀಲದ ಪಕ್ಕ ಹಿಡಿದದ್ದೂ ಉಂಟು. ಬಾಯಿಗೆ ಅಕ್ಕಿಕಾಳು, ಗಂಗಾಜಲ ಹಾಕುವಂತಿರಲಿಲ್ಲ, ಚೀಲದ ಮೇಲೆ ಹಾಕಿದರು. ಶಾಸ್ತ್ರ ಗೊತ್ತಿದ್ದವರು ಆಪದ್ಧರ್ಮ ಎಂದರು. ಗೊತ್ತಿಲ್ಲದವರು ಏನೂ ಅನ್ನದೆ ಕೈಮುಗಿದರು.

ಸರ್ವಧರ್ಮ ಸಮ್ಮೇಳನಗಳಲ್ಲಿ ವೇದಿಕೆ ಮೇಲೆ ಮೂವರು ಕೂತು ದೀಪ ಹಚ್ಚುವುದನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಅಲ್ಲಿ ಒಬ್ಬರ ವಿಧಿಯನ್ನು ಇನ್ನೊಬ್ಬರು ಕಲಿಯುವ ಅಗತ್ಯ ಬೀಳುವುದಿಲ್ಲ. ಇಲ್ಲಿ ಬಿತ್ತು. ತಲೆ ಯಾವ ದಿಕ್ಕಿಗೆ ಇಡಬೇಕು, ಹೂವು ಯಾವಾಗ, ಮಣ್ಣು ಎಷ್ಟು ಹಿಡಿ, ಯಾರ ಮುಂದೆ ಏನು ಹೇಳಬಾರದು ಎಂಬುದನ್ನು ಇಪ್ಪತ್ತೆರಡರ ಹುಡುಗರು ವಾರದೊಳಗೆ ಕಲಿತರು. ನನಗೆ ಕೇಳಿದರೆ ಆ ಎರಡು ವರ್ಷದ ನಿಜವಾದ ಧಾರ್ಮಿಕ ಸಂವಾದ ನಡೆದದ್ದು ಶವಾಗಾರಗಳ ಹಿಂಬಾಗಿಲಲ್ಲಿ.

ಕಟ್ಟಡಗಳೂ ಕೈಬದಲಾದವು. 2020ರ ಮಧ್ಯದಲ್ಲಿ ಪಾಲಿಕೆ ತೆರೆದ ಕೋವಿಡ್ ಆರೈಕೆ ಕೇಂದ್ರಗಳ ಪಟ್ಟಿಯಲ್ಲಿ ನಗರದ ಉತ್ತರಕ್ಕೆ ಹೆಗಡೆ ನಗರದ ಕಡೆಯ ಹಜ್ ಭವನವಿತ್ತು. ದಕ್ಷಿಣಕ್ಕೆ, ತಲಘಟ್ಟಪುರ ದಾಟಿ ಕನಕಪುರ ರಸ್ತೆಯಲ್ಲೇ ಮುಂದೆ ಸಿಗುವ ರವಿಶಂಕರ ಗುರೂಜಿಯವರ ಆಶ್ರಮವಿತ್ತು. ಯಾತ್ರೆಗೆ ಹೊರಟವರು ತಂಗುವ ಜಾಗದಲ್ಲೂ ಧ್ಯಾನಕ್ಕೆ ಬಂದವರು ತಂಗುವ ಜಾಗದಲ್ಲೂ ಎಲ್ಲ ಜಾತಿಯ ಸೋಂಕಿತರು ಮಲಗಿದರು. ಶಿವಾಜಿನಗರದ ಎಚ್‌ಬಿಎಸ್ ಆಸ್ಪತ್ರೆ ಮರ್ಸಿ ಮಿಷನ್ ಜೊತೆಗೂಡಿ ಕೋವಿಡ್ ಚಿಕಿತ್ಸೆಗೆ ಬಾಗಿಲು ತೆರೆಯಿತು. ಸೇವಾ ಭಾರತಿಯಂಥ ಸಂಘ ಪರಿವಾರದ ಸಂಸ್ಥೆಗಳು ತಮ್ಮದೇ ಆರೈಕೆ ಕೇಂದ್ರ ನಡೆಸಿದವು. ಉತ್ತರ ಭಾರತದಲ್ಲಿ ಗಾಜಿಯಾಬಾದಿನ ಇಂದಿರಾಪುರಂ ಗುರುದ್ವಾರದವರು ರಸ್ತೆಬದಿಯಲ್ಲಿ ಸಿಲಿಂಡರ್ ನಿಲ್ಲಿಸಿ ಆಮ್ಲಜನಕದ ಲಂಗರ್ ಮಾಡಿದ್ದು ಜಗತ್ತಿಗೇ ಸುದ್ದಿಯಾಯಿತು. ಚುನಾವಣೆ ಬಂದರೆ ಎದುರುಬದುರಾಗುವವರು ಒಂದೇ ಆಸ್ಪತ್ರೆಯ ಅಂಗಳದಲ್ಲಿ ಒಬ್ಬರ ಸ್ಟ್ರೆಚರ್ ಇನ್ನೊಬ್ಬರು ದೂಡಿದ್ದು ನಿಜ. ಆದರೆ ಅದರಿಂದ ಅವರು ಸ್ನೇಹಿತರಾದರು ಎಂದು ತಿಳಿಯಬಾರದು.

ಎರಡನೇ ಅಲೆಯಲ್ಲಿ ಸಮಸ್ಯೆ ಹೆದರಿಕೆಯದಾಗಿ ಉಳಿಯಲಿಲ್ಲ, ಜಾಗದ್ದಾಯಿತು. ನಗರದಲ್ಲಿದ್ದ ವಿದ್ಯುತ್ ಚಿತಾಗಾರಗಳು ಹನ್ನೆರಡು-ಹದಿಮೂರು. ಬನಶಂಕರಿ, ಕೆಂಗೇರಿ, ವಿಲ್ಸನ್ ಗಾರ್ಡನ್, ಸುಮನಹಳ್ಳಿ, ಮೇಡಿ ಅಗ್ರಹಾರ, ಪಣತ್ತೂರು, ಕೂಡ್ಲು, ಪೀಣ್ಯ... ಒಂದು ದೇಹಕ್ಕೆ ಗಂಟೆಗೂ ಹೆಚ್ಚು ಸಮಯ ಬೇಕು. ಹಗಲೂ ರಾತ್ರಿ ಉರಿಸಿದರೆ ಕುಲುಮೆಗಳು ಕೆಡುತ್ತವೆ, ಕೆಟ್ಟವು. ಆಂಬುಲೆನ್ಸ್‌ಗಳ ಸಾಲು ಗೇಟಿನಿಂದ ರಸ್ತೆಗೆ, ರಸ್ತೆಯಿಂದ ತಿರುವಿನಾಚೆಗೆ ಬೆಳೆಯಿತು. ಮೇ ಮೊದಲ ವಾರ ಚಾಮರಾಜಪೇಟೆಯ ಚಿತಾಗಾರದ ಮುಂದೆ ‘ಹೌಸ್‌ಫುಲ್’ ಎಂಬ ಬೋರ್ಡ್ ಬಿತ್ತು. ಸಿನಿಮಾ ಟಾಕೀಸಿನ ಆ ಹಳೆಯ ಪದ ಅಲ್ಲಿ ನೇತಾಡುವುದನ್ನು ನೋಡಿದವರು ಮರೆಯಲಾರರು. ಅದೇ ವಾರ, ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ಜನ ಸತ್ತರು.

ನಗರದೊಳಗೆ ಜಾಗವಿಲ್ಲ ಎಂದಾದಾಗ ಸರ್ಕಾರ ತಾವರೆಕೆರೆ ಹೋಬಳಿಯ ಗಿಡ್ಡೇನಹಳ್ಳಿಯಲ್ಲಿ ಕಲ್ಲು ಕ್ವಾರಿಯ ಜಾಗವನ್ನು ತೆರೆದ ಚಿತಾಗಾರ ಮಾಡಿತು. ದಕ್ಷಿಣ ಬೆಂಗಳೂರಿನ ಭೂಪಟ ಗೊತ್ತಿದ್ದವರಿಗೆ ಹಾದಿ ಕಣ್ಣಿಗೆ ಕಟ್ಟುತ್ತದೆ. ತಲಘಟ್ಟಪುರದ ಬಳಿ ನೈಸ್ ರಸ್ತೆ ಹತ್ತಿದರೆ ಮೈಸೂರು ರಸ್ತೆ ದಾಟಿ ಮಾಗಡಿ ರಸ್ತೆ, ಅಲ್ಲಿಂದ ತಾವರೆಕೆರೆ. ರಾತ್ರಿ ಹೊತ್ತು ಟೋಲ್ ಗೇಟುಗಳಲ್ಲಿ ಖಾಸಗಿ ಕಾರುಗಳಿಲ್ಲ, ಆಂಬುಲೆನ್ಸ್‌ಗಳೇ. ಕ್ವಾರಿಯಲ್ಲಿ ಸಾಲಾಗಿ ಸೌದೆಯ ಚಿತೆಗಳು. ಸೌದೆ ಜೋಡಿಸಿದವರು, ಉರಿ ಕೆದಕಿದವರು ಹೆಚ್ಚಾಗಿ ದಲಿತ ಕಾರ್ಮಿಕರು. ಸ್ವಯಂಸೇವಕರ ಬಗ್ಗೆ ಬರೆಯುವಾಗ ಇವರನ್ನು ಮರೆಯುವುದು ಬಹಳ ಸುಲಭ, ಏಕೆಂದರೆ ಇವರು ಆ ಕೆಲಸವನ್ನು ಕೋವಿಡ್‌ಗೆ ಮೊದಲೂ ಮಾಡುತ್ತಿದ್ದರು, ಆಮೇಲೂ ಮಾಡುತ್ತಿದ್ದಾರೆ. ಸಂಬಳದ ಬಾಕಿಗಾಗಿ ಅವರು ಬೀದಿಗೆ ಬರಬೇಕಾಯಿತು. ಮುಂದೆ ಸರ್ಕಾರ ಅವರಿಗೆ ‘ಸತ್ಯ ಹರಿಶ್ಚಂದ್ರ ಬಳಗ’ ಎಂದು ಹೆಸರಿಟ್ಟಿತು. ಹೆಸರು ಚೆನ್ನಾಗಿದೆ.

ಆ ಹೊತ್ತಿಗೆ ಸತ್ತವರ ಮನೆಯವರ ಕೈಯಲ್ಲಿ ಇರಬೇಕಿದ್ದದ್ದು ಒಂದು ಸಂಖ್ಯೆ. ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರಿಗೆ ಬೆಂಗಳೂರಿನಲ್ಲಿ ‘ಬಿ.ಯು. ನಂಬರ್’ ಕೊಡುತ್ತಿದ್ದರು. ಹಾಸಿಗೆ ಬೇಕೆಂದರೆ ಆ ನಂಬರ್, ಚಿತಾಗಾರದಲ್ಲಿ ಸರದಿ ಬೇಕೆಂದರೂ ಅದನ್ನೇ ಕೇಳುತ್ತಿದ್ದರು. ವರದಿ ಬರುವ ಮೊದಲೇ ತೀರಿಕೊಂಡವರಿಗೆ ನಂಬರ್ ಇಲ್ಲ. ಹಾಗಾದರೆ ಅವರು ಕೋವಿಡ್ ಸಾವೋ ಅಲ್ಲವೋ, ಎಲ್ಲಿ ಸುಡಬೇಕು, ಯಾವ ಕಾಗದ ತೋರಿಸಬೇಕು? ಸ್ವಯಂಸೇವಾ ತಂಡಗಳ ಅರ್ಧ ಕೆಲಸ ಹೊರುವುದಾಗಿದ್ದರೆ ಇನ್ನರ್ಧ ಈ ಫೋನುಗಳದು. ಯಾವ ಚಿತಾಗಾರದಲ್ಲಿ ಸಾಲು ಚಿಕ್ಕದು, ಯಾವ ಆಂಬುಲೆನ್ಸ್‌ನವನು ಬಾಯಿಗೆ ಬಂದಷ್ಟು ದುಡ್ಡು ಕೇಳುವುದಿಲ್ಲ, ಯಾವ ಖಬರಸ್ತಾನದಲ್ಲಿ ಜೆಸಿಬಿ ಇದೆ ಎಂದು ನಡುರಾತ್ರಿ ಹೇಳುವ ಒಬ್ಬ ಮನುಷ್ಯ ಬೇಕಿತ್ತು.

ಹಾಸಿಗೆ ಹಂಚಿಕೆಗೆ ಪಾಲಿಕೆ ವಲಯವಾರು ವಾರ್ ರೂಮ್ ಮಾಡಿತ್ತು. ಮೇ 4ರಂದು ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಕೆಲವು ಶಾಸಕರೊಂದಿಗೆ ದಕ್ಷಿಣ ವಲಯದ ವಾರ್ ರೂಮಿಗೆ ಹೋಗಿ, ಹಾಸಿಗೆಗಳನ್ನು ದುಡ್ಡಿಗೆ ಮಾರುತ್ತಿದ್ದಾರೆ ಎಂದು ದೂರಿದರು. ಹಾಸಿಗೆ ದಂಧೆ ನಡೆಯುತ್ತಿದ್ದದ್ದು ಸುಳ್ಳಲ್ಲ, ಆಮೇಲೆ ಬಂಧನಗಳೂ ಆದವು. ಆದರೆ ಅಂದು ಅಲ್ಲಿ ಓದಿದ್ದು ಹದಿನಾರು-ಹದಿನೇಳು ಸಿಬ್ಬಂದಿಯ ಹೆಸರುಗಳನ್ನು, ಎಲ್ಲವೂ ಮುಸ್ಲಿಂ ಹೆಸರುಗಳೇ. ಇನ್ನೂರು ಜನರಿರುವ ಕಡೆ ಇವರನ್ನಷ್ಟೇ ಹೆಕ್ಕಿದ್ದೇಕೆ ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಸಿಗಲಿಲ್ಲ. ವಿಡಿಯೊ ರಾಜ್ಯವೆಲ್ಲ ಹರಿದಾಡಿತು. ಅವರನ್ನು ಕೆಲಸದಿಂದ ತೆಗೆದರು. ತನಿಖೆಯಲ್ಲಿ ಅವರ ವಿರುದ್ಧ ಏನೂ ಸಿಗಲಿಲ್ಲ, ಹಲವರು ಮತ್ತೆ ಕೆಲಸಕ್ಕೆ ಬಂದರು. ಅದೇ ಮೇ 4ರ ರಾತ್ರಿಯೂ ಅಂಥವೇ ಹೆಸರುಗಳ ಹುಡುಗರು ಹಿಂದೂ ಮನೆಗಳ ದೇಹಗಳನ್ನು ಹೊತ್ತು ಸಾಲಿನಲ್ಲಿ ನಿಂತಿದ್ದರು. ಎರಡೂ ಒಂದೇ ಊರಿನಲ್ಲಿ, ಒಂದೇ ದಿನ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಇತಿಹಾಸ ಸುಳ್ಳಾಗುತ್ತದೆ.

ಹತ್ತು ದಿನ ಕಳೆದು, ಮೇ 14ರಂದು ಬಸವ ಜಯಂತಿ ಮತ್ತು ಈದ್ ಒಟ್ಟಿಗೇ ಬಂದವು. ಊರು ಬಿಕೋ ಎನ್ನುತ್ತಿತ್ತು. ಈದ್ಗಾಗಳಲ್ಲಿ ನಮಾಜ್ ಇಲ್ಲ, ಬಸವಣ್ಣನ ಮೆರವಣಿಗೆ ಇಲ್ಲ. ಶವವಾಹನಗಳಿಗೆ ಮಾತ್ರ ರಜೆ ಇರಲಿಲ್ಲ.

ಜೂನ್ ಹೊತ್ತಿಗೆ ಉರಿ ಇಳಿಯಿತು. ಆಗ ಕಂಡದ್ದು ಮಡಕೆಗಳು. ಚಿತಾಗಾರಗಳ ಕಪಾಟುಗಳಲ್ಲಿ ಯಾರೂ ಬಂದು ಒಯ್ಯದ ಅಸ್ಥಿಯ ಮಡಕೆಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಕೆಲವು ಮನೆಗಳಲ್ಲಿ ಒಯ್ಯಬೇಕಾದವರೇ ಉಳಿದಿರಲಿಲ್ಲ. ಕೆಲವರಿಗೆ ಅಂಜಿಕೆ. ಜೂನ್ 2ರಂದು ಕಂದಾಯ ಸಚಿವ ಆರ್. ಅಶೋಕ ಅವರು ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಕಾವೇರಿಗೆ ಬಿಟ್ಟರು. ಪುರೋಹಿತರಿದ್ದರು, ತರ್ಪಣವಾಯಿತು. ಸರ್ಕಾರವೇ ಮಗನಾಗಿ ನಿಂತ ಆ ಬೆಳಗು ಆಡಳಿತದ ಇತಿಹಾಸದಲ್ಲಿ ಅಪರೂಪದ್ದು. ಆ ಮಡಕೆಗಳನ್ನು ಅಲ್ಲಿಯವರೆಗೆ ಉಳಿಸಿಕೊಟ್ಟವರು ಚಿತಾಗಾರದ ಸಿಬ್ಬಂದಿ.

ಇದಾದ ಮೇಲೆ ಊರು ಬದಲಾಯಿತೇ ಎಂದು ಕೇಳುವವರಿದ್ದಾರೆ. 2021ರ ಡಿಸೆಂಬರ್ ಕೊನೆಗೆ ಉಡುಪಿಯಲ್ಲಿ ಹಿಜಾಬ್ ವಿವಾದ ಶುರುವಾಯಿತು. 2022ರ ಮಾರ್ಚ್‌ನಲ್ಲಿ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಬೇಡ ಎಂಬ ಕೂಗೆದ್ದಿತು. ಏಪ್ರಿಲ್‌ನಲ್ಲಿ ಎರಡು ವರ್ಷಗಳ ನಂತರ ಮೊದಲ ಸಲ ಕರಗ ಊರು ಸುತ್ತಲು ಹೊರಟಾಗ, ಅದು ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಬಾರದು ಎಂದು ಕೆಲವು ಸಂಘಟನೆಗಳು ಒತ್ತಾಯಿಸಿದವು. ಕರಗದವರು ಕೇಳಲಿಲ್ಲ, ಎಂದಿನಂತೆ ದರ್ಗಾಕ್ಕೆ ಹೋಗಿಬಂತು. ಅದು ಹೋದದ್ದು ಕೋವಿಡ್ ಕಾಲದ ಋಣಕ್ಕಲ್ಲ, ತಿಗಳರ ಹಳೆಯ ಸಂಪ್ರದಾಯದ ಬಲದಿಂದ. ಹೆಗಲು ಕೊಟ್ಟ ಹುಡುಗರ ಕೆಲಸ ಈ ಜಗಳಗಳನ್ನು ತಡೆಯಲಿಲ್ಲ. ತಡೆಯಬೇಕಿತ್ತು ಎಂದು ನಿರೀಕ್ಷಿಸುವುದೂ ಅನ್ಯಾಯ. ಅವರು ಒಪ್ಪಿಕೊಂಡ ಕೆಲಸ ಬೇರೆ. ಅದನ್ನು ಪೂರ್ತಿ ಮಾಡಿದರು.

ಪೂರ್ತಿ ಎಂದರೆ ಕಾಗದದವರೆಗೆ. 2021ರ ಮೇ ಕೊನೆಗೆ ರಾಜ್ಯ ಸರ್ಕಾರ ಅನಾಥರಾದ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆ ಘೋಷಿಸಿತು. ಜೂನ್‌ನಲ್ಲಿ, ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಕ್ಕೆ 1 ಲಕ್ಷ ರೂಪಾಯಿ. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆಯೊಂದಿಗೆ ಪ್ರತಿ ಕೋವಿಡ್ ಸಾವಿಗೆ 50,000 ರೂಪಾಯಿ. ದುಡ್ಡು ಘೋಷಣೆಯಾಗುವುದಕ್ಕೂ ಕೈಗೆ ಬರುವುದಕ್ಕೂ ನಡುವೆ ನಾಡಕಚೇರಿ ಇದೆ. ಮರಣ ಪ್ರಮಾಣಪತ್ರ ಬೇಕು, ಪಾಸಿಟಿವ್ ವರದಿ ಅಥವಾ ರೋಗಿಯ ಸಂಖ್ಯೆ ಬೇಕು, ಆಧಾರ್, ಬ್ಯಾಂಕ್ ಪಾಸ್‌ಬುಕ್ ಬೇಕು. ಗಂಡನ ಮೊಬೈಲಿನಲ್ಲಿ ಬಂದಿದ್ದ ವರದಿ ಗಂಡನ ಸಿಮ್ಮಿನ ಜೊತೆಗೇ ಹೋಗಿರುತ್ತಿತ್ತು. ಆಸ್ಪತ್ರೆಯ ಪತ್ರದಲ್ಲಿ ಸಾವಿಗೆ ಕಾರಣ ಹೃದಯಾಘಾತ ಎಂದಿರುತ್ತಿತ್ತು. ಅರ್ಜಿ ತುಂಬಲು ಬರದ ಹೆಂಗಸರು ಬುರ್ಖಾ ತೊಟ್ಟು, ಸೆರಗು ಹೊದ್ದು, ಕೊರಳಲ್ಲಿ ಶಿಲುಬೆ ಇಟ್ಟುಕೊಂಡು ಒಂದೇ ಕಿಟಕಿಯ ಮುಂದೆ ನಿಂತರು. ಅವರ ಪಕ್ಕದಲ್ಲಿ ಫೈಲು ಹಿಡಿದು ನಿಂತವರಲ್ಲಿ ಹಿಂದಿನ ಬೇಸಿಗೆಯಲ್ಲಿ ಬಿಳಿ ನಿಲುವಂಗಿ ತೊಟ್ಟಿದ್ದ ಕೆಲವರೂ ಇದ್ದರು. ಈ ಸಲ ಅವರು ಹುಡುಕುತ್ತಿದ್ದದ್ದು ಕಳೆದುಹೋದ ಬಿ.ಯು. ನಂಬರುಗಳನ್ನು.